ಸವ್ಯಾಖ್ಯಾನ ಎಂದು ಬರೆದಿದ್ದ ಪುಸ್ತಕ: 1502ರ ಸೊಫೊಕ್ಲಿಸ್‌ನನ್ನು ನೋಡಿ ಬಂದ ಅನುಭವ

ಲಂಡನ್ನಿನಿಂದ ಶಿವಮೊಗ್ಗಕ್ಕೆ ಮರಳಿ ಇಂದಿಗೆ ಹನ್ನೊಂದು ದಿನಗಳಾದುವು. ಹೋಗುವ ಮೊದಲು ಈ ವಿಷಯವಾಗಿ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರೆಯೇ ಎಂದು ನಾನು ಬಹಳ ಹುಡುಕಿದ್ದೆ, ಏನೂ ಸಿಗಲಿಲ್ಲ. ನನ್ನ ಹಿಂದೆ ಇದೇ ದಾರಿಯಲ್ಲಿ ಹೊರಡುವ ಒಬ್ಬರಿಗಾದರೂ ತಿಂಗಳುಗಟ್ಟಲೆ ಅಲೆದಾಟ ತಪ್ಪಲಿ ಎಂದು ಎಲ್ಲವೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ನೋಡಲು ಹೋದದ್ದು ಒಂದು ಚಿಕ್ಕ ಪುಸ್ತಕ. 1502ರ ಆಗಸ್ಟ್ ತಿಂಗಳಲ್ಲಿ ವೆನಿಸ್ ನಗರದಲ್ಲಿ ಆಲ್ಡಸ್ ಮನೂಟಿಯಸ್ ಎಂಬ ವಿದ್ವಾಂಸ-ಮುದ್ರಕ ಅಚ್ಚು ಹಾಕಿದ, ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಳು ನಾಟಕಗಳ ಸಂಪುಟ ಅದು. ಅಲ್ಲಿಯವರೆಗೆ ಸುಮಾರು ಎರಡು ಸಾವಿರ ವರ್ಷ ಕೈಬರಹದಲ್ಲೇ ಉಳಿದುಬಂದಿದ್ದ ಸೊಫೊಕ್ಲಿಸ್ ಮೊದಲ ಬಾರಿಗೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಈ ಪುಸ್ತಕದಲ್ಲಿ. ಮೊದಲ ಮಿಂಚಂಚೆ ಕಳಿಸಿದ ದಿನದಿಂದ ಪುಸ್ತಕ ನನ್ನ ಮುಂದಿನ ಮೇಜಿಗೆ ಬಂದ ದಿನದವರೆಗೆ ಒಂಬತ್ತು ತಿಂಗಳು ಹಿಡಿಯಿತು.

ಶಿವಮೊಗ್ಗದ ಕನ್ನಡ ಅಧ್ಯಾಪಕಿಗೆ ಈ ಪುಸ್ತಕದ ಹಂಬಲ ಏಕೆ ಬಂತು ಎಂಬುದನ್ನು ಮೊದಲು ಹೇಳಬೇಕು. ಬಿ.ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ನಾಟಕವನ್ನು ನಾನು ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಸೊಫೊಕ್ಲಿಸ್‌ನ 'ಏಜಾಕ್ಸ್' ನಾಟಕವನ್ನು ಮಾದರಿಯಾಗಿಟ್ಟುಕೊಂಡು ಶ್ರೀಯವರು ಅದನ್ನು ಬರೆದರು. ಮಹಾಭಾರತದಲ್ಲಿ ಚಿರಂಜೀವಿಯಾದ ಅಶ್ವತ್ಥಾಮ ಅವರ ನಾಟಕದಲ್ಲಿ ತನ್ನ ಕೈಯಾರೆ ಸಾಯುತ್ತಾನೆ. ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಎದ್ದು ನಿಂತು, ಗ್ರೀಕರ ವೀರ ಪ್ರೇಕ್ಷಕರ ಎದುರಿಗೇ ಸಾಯುತ್ತಾನೆಯೇ, ಇಲ್ಲವೇ ಮರೆಯಲ್ಲಿ ಸಾಯುತ್ತಾನೆಯೇ ಎಂದು ಕೇಳುತ್ತಿದ್ದರು. ರಂಗದ ಮೇಲೆ ಸಾವನ್ನು ತೋರಿಸಬಾರದೆಂಬ ನಮ್ಮ ನಾಟ್ಯಸಂಪ್ರದಾಯದಲ್ಲಿ ಬೆಳೆದವರಿಗೆ ಈ ಪ್ರಶ್ನೆ ತಾನಾಗಿ ಏಳುತ್ತದೆ. ದುರ್ಯೋಧನ ರಂಗದ ಮೇಲೆಯೇ ಸಾಯುವ ಭಾಸನ 'ಊರುಭಂಗ'ವನ್ನು ಓದಿದವರಿಗಂತೂ ಇನ್ನೂ ಹೆಚ್ಚು. ಇಂಗ್ಲಿಷ್ ಅನುವಾದಗಳಲ್ಲಿರುವ ರಂಗಸೂಚನೆಗಳನ್ನು ನೋಡಿ ನಾನು ಉತ್ತರ ಹೇಳುತ್ತಿದ್ದೆ. ಆ ಸೂಚನೆಗಳನ್ನು ಸೊಫೊಕ್ಲಿಸ್ ಬರೆದೇ ಇಲ್ಲ, ಅವು ಅನುವಾದಕರ ಊಹೆಗಳು ಎಂಬುದು ಗೊತ್ತಾದ ದಿನ ನನಗೆ ತುಂಬ ಸಂಕಟವಾಯಿತು. ನಿವೃತ್ತಿಯ ಹೊತ್ತಿಗೆ ಪ್ರಾಚೀನ ಗ್ರೀಕ್ ಕಲಿಯಲು ಆರಂಭಿಸಿ, ಆರು ವರ್ಷಗಳ ನಂತರ 'ಏಜಾಕ್ಸ್' ನಾಟಕವನ್ನು ಮೂಲದಿಂದ ಕನ್ನಡಕ್ಕೆ ತರುವ ಕೆಲಸಕ್ಕೆ ಕೈ ಹಚ್ಚಿದೆ.

ನಾಟಕದ 815ನೆಯ ಸಾಲಿನಲ್ಲಿ ಏಜಾಕ್ಸ್‌ನ ಕೊನೆಯ ಭಾಷಣ ಆರಂಭವಾಗುತ್ತದೆ. ವೈರಿ ಹೆಕ್ಟರ್ ಕೊಟ್ಟಿದ್ದ ಕತ್ತಿಯ ಹಿಡಿಯನ್ನು ನೆಲದಲ್ಲಿ ಹೂಳಿ, ಅಲಗನ್ನು ಮೇಲೆ ಮಾಡಿ ನಿಲ್ಲಿಸಿ, ಅವನು 'ಹೊ ಮೆನ್ ಸ್ಫಗೆಯುಸ್ ಹೆಸ್ತೆಕೆನ್' ಎಂದು ಮಾತು ತೆಗೆಯುತ್ತಾನೆ. ಕೊಲ್ಲುವವನು ಸಿದ್ಧನಾಗಿ ನಿಂತಿದ್ದಾನೆ ಎಂದು ಅದರ ಅರ್ಥ, ಕೊಲ್ಲುವವನೆಂದರೆ ಕತ್ತಿ. ಈ ಸಾಲಿನ ಹತ್ತಿರ ನನ್ನ ಕೆಲಸ ನಿಂತುಹೋಯಿತು.

ನಿಂತದ್ದಕ್ಕೆ ಎರಡು ಕಾರಣಗಳಿದ್ದುವು. 1502ರ ಪುಸ್ತಕದ ಡಿಜಿಟಲ್ ಪ್ರತಿಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ನಾನು ಓದುತ್ತಿದ್ದದ್ದು ಯುರೋಪಿನ ಒಂದು ಗ್ರಂಥಾಲಯದ ಅಂಥ ಪ್ರತಿಯನ್ನೇ. ಅದರಲ್ಲಿ ಈ ಭಾಷಣದ ಆರಂಭದಲ್ಲಿ, ಎರಡು ಸಾಲುಗಳ ನಡುವೆ, ಎಳ್ಳಿನ ಕಾಳಿನಷ್ಟು ಸಣ್ಣ ಗುರುತೊಂದು ಕಾಣುತ್ತಿತ್ತು. ಅದು ಅಚ್ಚಾದ ವಿರಾಮಚಿಹ್ನೆಯೋ, ಯಾರಾದರೂ ಓದುಗ ಲೇಖನಿಯಿಂದ ಇಟ್ಟ ಚುಕ್ಕೆಯೋ, ಕಾಗದದ ಮಚ್ಚೆಯೋ ಎಂಬುದು ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿದರೂ ತಿಳಿಯಲಿಲ್ಲ. ಎರಡನೆಯ ಕಾರಣ ಇನ್ನೂ ದೊಡ್ಡದು. ಪುಸ್ತಕದ ಶೀರ್ಷಿಕೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಎರಡರಲ್ಲೂ 'ಸೊಫೊಕ್ಲಿಸ್‌ನ ಏಳು ದುರಂತ ನಾಟಕಗಳು, ವ್ಯಾಖ್ಯಾನಗಳ ಸಹಿತ' ಎಂದು ಅಚ್ಚಾಗಿದೆ. ನಮ್ಮ ಹಳೆಯ ಕಾವ್ಯಗಳಿಗೆ ಟೀಕು ಇರುವಂತೆ ಗ್ರೀಕ್ ನಾಟಕಗಳಿಗೂ ಪ್ರಾಚೀನ ವ್ಯಾಖ್ಯಾನಗಳಿವೆ, ಅವಕ್ಕೆ ಸ್ಕೋಲಿಯಾ ಎನ್ನುತ್ತಾರೆ. ಏಜಾಕ್ಸ್‌ನ ಸಾವಿನ ದೃಶ್ಯದ ಬಗ್ಗೆ ಅವುಗಳಲ್ಲಿ ಮಹತ್ವದ ಟಿಪ್ಪಣಿಯಿದೆ ಎಂದು ಓದಿದ್ದೆ. ಆ ಟಿಪ್ಪಣಿ ಮೊದಲ ಬಾರಿಗೆ ಅಚ್ಚಾದ ರೂಪದಲ್ಲಿ, ಮೂಲದ ಪಕ್ಕದಲ್ಲೇ, ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ನನ್ನದು. ನನಗೆ ಸಿಕ್ಕಿದ್ದ ಡಿಜಿಟಲ್ ಪ್ರತಿಯಲ್ಲಿ ವ್ಯಾಖ್ಯಾನ ಇರಲಿಲ್ಲ. ಆ ಪ್ರತಿ ಅಪೂರ್ಣವಾಗಿರಬೇಕು, ಕೊನೆಯ ಭಾಗ ಕಳಚಿಹೋಗಿರಬೇಕು ಎಂದು ತಿಳಿದುಕೊಂಡೆ. ಈ ತಪ್ಪು ತಿಳಿವಳಿಕೆ ನನಗೆ ಎಷ್ಟು ದುಬಾರಿಯಾಯಿತು ಎಂಬುದು ಮುಂದೆ ಬರುತ್ತದೆ.

ಫೆಬ್ರವರಿಯಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಮೊದಲ ಪತ್ರ ಬರೆದೆ. ಅಪರೂಪದ ಪುಸ್ತಕಗಳನ್ನು ಕಾಯುವ ಯಾವ ಗ್ರಂಥಾಲಯವೇ ಆಗಲಿ, ಡಿಜಿಟಲ್ ಪ್ರತಿ ಸಾಕಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಮೊದಲು ಕೇಳುತ್ತದೆ. ಇದನ್ನು ನಿರಾಕರಣೆ ಎಂದು ತಿಳಿದು ಬೇಸರ ಮಾಡಿಕೊಳ್ಳಬಾರದು. ಐನೂರು ವರ್ಷ ದಾಟಿದ ಪುಸ್ತಕವನ್ನು ಪ್ರತಿ ಬಾರಿ ತೆರೆದಾಗಲೂ ಅದರ ಹೊಲಿಗೆಗೆ ಸ್ವಲ್ಪ ಪೆಟ್ಟು ಬೀಳುತ್ತದೆ. ಅವರು ಕೇಳುವುದು ನ್ಯಾಯವೇ. ನನ್ನ ಮೊದಲ ಪತ್ರದಲ್ಲಿ 'ಈ ಪುಸ್ತಕದ ಬಗ್ಗೆ ಬಹಳ ಆಸಕ್ತಿ ಇದೆ' ಎಂದಷ್ಟೇ ಬರೆದಿದ್ದೆ, ಅದರಿಂದ ಏನೂ ಹೇಳಿದಂತಾಗಲಿಲ್ಲ. ಎರಡನೆಯ ಪತ್ರದಲ್ಲಿ ಸಾಲಿನ ಸಂಖ್ಯೆ, ಡಿಜಿಟಲ್ ಪ್ರತಿಯ ಚಿತ್ರ, ಗುರುತಿನ ಜಾಗ, ಬೇರೊಂದು ಪ್ರತಿಯ ಜೊತೆ ಹೋಲಿಸದೆ ಅದನ್ನು ತೀರ್ಮಾನಿಸಲು ಏಕೆ ಆಗುವುದಿಲ್ಲ ಎಂಬ ವಿವರಣೆ ಇಷ್ಟನ್ನೂ ಒಂದು ಪುಟದಲ್ಲಿ ಬರೆದೆ. ಬರೆಯುವವರು ಮೊದಲ ಪತ್ರವನ್ನೇ ಹೀಗೆ ಬರೆಯಬೇಕು.

ಅಲ್ಲಿಂದ ಮುಂದಿನ ತಿಂಗಳುಗಳು ನಮ್ಮ ಕಡೆಯ ಕಾಗದಪತ್ರಗಳಿಗೇ ಹೋದುವು. ಗ್ರಂಥಾಲಯಕ್ಕೂ ವೀಸಾ ಅರ್ಜಿಗೂ ತೋರಿಸಲು ನಾನು ಕೆಲಸ ಮಾಡಿದ್ದ ಸಂಸ್ಥೆಯಿಂದ ಒಂದು ಪರಿಚಯ ಪತ್ರ ಪಡೆಯುವುದು ಒಳ್ಳೆಯದೆಂದು ಕೇಳಿಕೊಂಡೆ. ನಿವೃತ್ತರಿಗೆ ಇಂಥ ಪತ್ರ ಕೊಡುವ ಪದ್ಧತಿ ಇದೆಯೇ ಎಂಬುದರ ಮೇಲೆಯೇ ಕಡತ ಏಳು ವಾರ ಅಲ್ಲಿಂದಿಲ್ಲಿಗೆ ಓಡಾಡಿತು. ಕೊನೆಗೆ ಬಂದ ಪತ್ರದಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಶಿಯಲ್‌ಗಳಿದ್ದುವು. ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್‌ಗಳನ್ನು ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಪೂರ್ತಿಯಾಗಿ ಬರೆದಿದ್ದಾರೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿಕೊಂಡಿದೆ. ನಮ್ಮ ಸೀಮೆಯ ಹೆಂಗಸರಲ್ಲಿ ಮುಕ್ಕಾಲು ಪಾಲು ಜನರಿಗೆ ಈ ತೊಡಕು ಇರುತ್ತದೆ. ಈ ಮೂರೂ ಹೆಸರಿನವರು ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಯ ಮೊಹರು ಹಾಕಿಸಿದೆ. ಖರ್ಚು ನಾನೂರು ರೂಪಾಯಿ, ಓಡಾಟ ಎರಡು ದಿನ. ಇದನ್ನು ಇಂಗ್ಲಿಷಿನಲ್ಲೇ ಮಾಡಿಸಿಕೊಳ್ಳಿ. ನಾನು ಮೊದಲು ಕನ್ನಡದಲ್ಲಿ ಮಾಡಿಸಿ, ಮತ್ತೆ ಎರಡನೆಯ ಸಲ ಮಾಡಿಸಬೇಕಾಯಿತು.

ವೀಸಾದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾನು ಅರ್ಜಿ ಹಾಕಿದಾಗ ಸಂದರ್ಶಕರ ವೀಸಾಕ್ಕೆ 115 ಪೌಂಡು ಶುಲ್ಕವಿತ್ತು, ಆ ದರ ಆಗಾಗ ಏರುತ್ತಿರುತ್ತದೆ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಆರು ತಿಂಗಳ ಬ್ಯಾಂಕ್ ವಿವರ, ಪಿಂಚಣಿಯ ಆದೇಶ, ಉಳಿದುಕೊಳ್ಳುವ ಮನೆಯವರ ಪತ್ರ ಇವುಗಳ ಜೊತೆ ಗ್ರಂಥಾಲಯದವರು ಕಳಿಸಿದ ಮಿಂಚಂಚೆಯ ಪ್ರತಿಯನ್ನೂ ಇಟ್ಟೆ. ಪಾಸ್‌ಪೋರ್ಟ್ ಕೈಗೆ ಮರಳುವವರೆಗಿನ ನಾಲ್ಕು ವಾರಗಳಲ್ಲಿ ವಿಮಾನದ ಟಿಕೆಟ್ ತೆಗೆಯುವ ಧೈರ್ಯ ಬರಲಿಲ್ಲ. ಹೀಗೆ ಕಾದದ್ದರಿಂದ ದರ ಏರಿ, ಹೋಗಿ ಬರಲು 71,000 ರೂಪಾಯಿ ಆಯಿತು. ಲಂಡನ್ನಿನ ಹ್ಯಾರೋದಲ್ಲಿ ನನ್ನ ತಂಗಿಯ ಮಗಳು ಇರುವುದರಿಂದ ಊಟ-ವಸತಿಗೆ ಖರ್ಚಾಗಲಿಲ್ಲ. ಅವಳಿಲ್ಲದಿದ್ದರೆ ಈ ಪ್ರಯಾಣ ನನ್ನ ಪಿಂಚಣಿಯ ಕೈಗೆ ಎಟುಕುತ್ತಿರಲಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು.

ನವೆಂಬರ್ ಎರಡನೆಯ ವಾರ ಲಂಡನ್ ತಲುಪಿದೆ. ಗ್ರಂಥಾಲಯಕ್ಕೆ ಹೊರಡುವ ದಿನ ಬೆಳಿಗ್ಗೆ ತಂಗಿಯ ಮಗಳು ನನ್ನ ಕೈಚೀಲವನ್ನು ತೆರೆಸಿ ನೋಡಿದಳು. 'ದೊಡ್ಡಮ್ಮ, ಪೆನ್ನುಗಳನ್ನೆಲ್ಲ ಇಲ್ಲೇ ಬಿಡು, ಒಳಗೆ ಪೆನ್ಸಿಲ್ ಬಿಟ್ಟು ಬೇರೇನೂ ಆಗುವುದಿಲ್ಲ. ಕೈಗೆ ಕ್ರೀಮ್ ಹಚ್ಚಿಕೊಂಡಿದ್ದೀಯಾ? ಹೋಗಿ ಸೋಪಿನಲ್ಲಿ ತೊಳೆದುಕೊಂಡು ಬಾ' ಎಂದಳು. ಚಳಿಗೆ ನನ್ನ ಬೆರಳುಗಳೆಲ್ಲ ಒಡೆದಿದ್ದುವು. ಕ್ರೀಮಿನ ಜಿಡ್ಡು ಹಳೆಯ ಕಾಗದಕ್ಕೆ ಅಂಟುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಬ್ರಿಟಿಷ್ ಲೈಬ್ರರಿ ಇರುವುದು ಯೂಸ್ಟನ್ ರಸ್ತೆಯಲ್ಲಿ, ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಪಕ್ಕದಲ್ಲೇ. ಕೆಂಪು ಇಟ್ಟಿಗೆಯ ಕಟ್ಟಡದ ಅಂಗಳದಲ್ಲಿ ಬಾಗಿ ಕುಳಿತು ಕೈವಾರ ಹಿಡಿದು ಅಳತೆ ಮಾಡುತ್ತಿರುವ ನ್ಯೂಟನ್ನನ ದೊಡ್ಡ ಕಂಚಿನ ಪ್ರತಿಮೆಯಿದೆ. ಓದುಗರ ಪಾಸ್ ಪಡೆಯಲು ಯಾವ ಶುಲ್ಕವೂ ಇಲ್ಲ. ಎರಡು ದಾಖಲೆಗಳು ಬೇಕು: ಮನೆಯ ವಿಳಾಸಕ್ಕೆ ಒಂದು, ಸಹಿಗೆ ಒಂದು. ಸಹಿಗೆ ಪಾಸ್‌ಪೋರ್ಟ್ ಆಯಿತು. ವಿಳಾಸಕ್ಕೆ ನಾವೆಲ್ಲ ತೋರಿಸುವ ಕರೆಂಟ್ ಬಿಲ್ಲು ನಮ್ಮಲ್ಲಿ ಕನ್ನಡದಲ್ಲಿರುತ್ತದೆ, ನನ್ನ ಮನೆಯದು ಗಂಡನ ಹೆಸರಿನಲ್ಲಿಯೂ ಇದೆ. ಇದನ್ನು ಮೊದಲೇ ಯೋಚಿಸಿ, ನನ್ನ ಹೆಸರು ಮತ್ತು ವಿಳಾಸ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿರುವ ಬ್ಯಾಂಕ್ ವಿವರವನ್ನು ಶಾಖೆಯಲ್ಲೇ ಮುದ್ರಿಸಿ, ವ್ಯವಸ್ಥಾಪಕರ ಸಹಿ ಮತ್ತು ಮೊಹರು ಹಾಕಿಸಿ ಮೂಲ ಪ್ರತಿಯನ್ನೇ ಒಯ್ದಿದ್ದೆ. ಅಫಿಡವಿಟ್ಟೂ ಜೊತೆಗಿತ್ತು. ಅಲ್ಲಿನ ಸಿಬ್ಬಂದಿ ಅದನ್ನು ಓದಿ, ಏನನ್ನೂ ಕೇಳದೆ ನನ್ನ ಭಾವಚಿತ್ರ ತೆಗೆದು ಪಾಸ್ ಕೊಟ್ಟರು. ಒಂಬತ್ತು ತಿಂಗಳ ಕೆಲಸದಲ್ಲಿ ಅತ್ಯಂತ ಸುಲಭವಾಗಿ ಮುಗಿದದ್ದು ಇದೇ.

ಕೋಟು, ಕೈಚೀಲ, ನೀರಿನ ಬಾಟಲಿ ಎಲ್ಲವನ್ನೂ ಕೆಳಗಿನ ಲಾಕರಿನಲ್ಲಿಟ್ಟು, ಪೆನ್ಸಿಲ್, ನೋಟುಪುಸ್ತಕ, ಲ್ಯಾಪ್‌ಟಾಪ್‌ಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿಕೊಂಡು ಮೇಲೆ ಹೋಗಬೇಕು. ಹೋಗುವ ದಾರಿಯಲ್ಲಿ ಕಟ್ಟಡದ ನಡುಮಧ್ಯೆ, ಮೂರನೆಯ ಜಾರ್ಜ್ ದೊರೆಯ ಗ್ರಂಥಸಂಗ್ರಹ ಗಾಜಿನ ಗೋಪುರದೊಳಗೆ ಮಹಡಿಯ ಮೇಲೆ ಮಹಡಿಯಾಗಿ ನಿಂತಿದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಅಪರೂಪದ ಪುಸ್ತಕಗಳ ವಾಚನಾಲಯಕ್ಕೆ ಹೋದೆ. ಪುಸ್ತಕ ಮರುದಿನಕ್ಕೆ ಸಿಗುವುದೆಂದು ತಿಳಿಯಿತು. ಮೊದಲ ದಿನ ನೋಂದಣಿಯಲ್ಲೇ ಕಳೆದುಹೋಗುತ್ತದೆ ಎಂದು ಲೆಕ್ಕ ಹಾಕಿಯೇ ಹೊರಡಿ. ಎರಡು ದಿನಕ್ಕೆಂದು ಬಂದವರು ಬರಿಗೈಯಲ್ಲಿ ಹಿಂದಿರುಗುವ ಸಂಭವವಿದೆ.

ಮರುದಿನ ಬೆಳಿಗ್ಗೆ ಪುಸ್ತಕ ಬಂತು. ಬೂದು ಬಣ್ಣದ ಸ್ಪಂಜಿನ ಎರಡು ಇಳಿಜಾರು ದಿಂಬುಗಳನ್ನು ಮೇಜಿನ ಮೇಲಿಟ್ಟು, ಅವುಗಳ ನಡುವೆ ಪುಸ್ತಕ ಪೂರ್ತಿ ಬಿಚ್ಚದೆ ಒರಗುವಂತೆ ಇಡಬೇಕು. ಪುಟ ಮಡಚಿಕೊಳ್ಳದಂತೆ ಅದರ ಮೇಲೆ ಬಟ್ಟೆಯ ಹೊದಿಕೆಯ ತೂಕದ ಹಗ್ಗವೊಂದನ್ನು ಮೆಲ್ಲಗೆ ಹಾಸಬೇಕು. ಕೈಗವಸು ಕೊಡುತ್ತಾರೇನೋ ಎಂದುಕೊಂಡಿದ್ದೆ. ಗವಸು ತೊಟ್ಟರೆ ಬೆರಳಿಗೆ ಸ್ಪರ್ಶ ತಪ್ಪಿ ಕಾಗದ ಹರಿಯುವ ಭಯ ಹೆಚ್ಚು, ತೊಳೆದು ಒರೆಸಿದ ಕೈಯೇ ಸರಿ ಎಂದು ಹೇಳಿದರು.

ಪುಸ್ತಕ ನನ್ನ ಅಂಗೈಗಿಂತ ಸ್ವಲ್ಪವೇ ದೊಡ್ಡದು. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಚಿ ಎಂಟು ಎಲೆ ಮಾಡುವ ಈ ಗಾತ್ರಕ್ಕೆ ಆಕ್ಟೇವೊ ಎನ್ನುತ್ತಾರೆ. ಅದಕ್ಕೆ ಮೊದಲು 1495ರಿಂದ 1498ರವರೆಗೆ ಆಲ್ಡಸ್ ಅರಿಸ್ಟಾಟಲನ ಗ್ರೀಕ್ ಗ್ರಂಥಗಳನ್ನು ಐದು ಭಾರೀ ಸಂಪುಟಗಳಲ್ಲಿ ತಂದಿದ್ದ. ಮೇಜಿನ ಮೇಲಿಟ್ಟೇ ಓದಬೇಕಾದ ಪುಸ್ತಕಗಳು ಅವು. 1501ರಲ್ಲಿ ವರ್ಜಿಲನನ್ನು ಚಿಕ್ಕ ಗಾತ್ರದಲ್ಲಿ ಅಚ್ಚು ಹಾಕಿ, ಮರುವರ್ಷ ಸೊಫೊಕ್ಲಿಸ್‌ನನ್ನೂ ಹಾಗೆಯೇ ತಂದ. ನಾನು ಒಂದು ಎಲೆಯನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಕಾಗದ ಮಾಡುವ ಅಚ್ಚಿನ ತಂತಿಗಳ ಗೆರೆಗಳು ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿದಿದ್ದುವು. ಹಾಳೆಯನ್ನು ಮೂರು ಸಲ ಮಡಚಿದರೆ ಅವು ಹೀಗೆ ನಿಲ್ಲುತ್ತವೆ, ಎರಡೇ ಸಲ ಮಡಚಿದ ಪುಸ್ತಕದಲ್ಲಿ ಅಡ್ಡಲಾಗಿ ಮಲಗಿರುತ್ತವೆ. ಓಲೆಗರಿಯನ್ನು ಮುಟ್ಟಿದವರಿಗೆ ಗೊತ್ತು, ಬರಹವನ್ನು ಓದುವ ಮೊದಲೇ ಬರಹವನ್ನು ಹೊತ್ತ ವಸ್ತು ಏನನ್ನೋ ಹೇಳಲು ಆರಂಭಿಸಿರುತ್ತದೆ. ಪರದೆಯ ಮೇಲೆ ಅದು ಬಾಯಿ ಬಿಟ್ಟಿರಲಿಲ್ಲ.

ಅಕ್ಷರಗಳನ್ನು ಓದಲು ಕಷ್ಟಪಟ್ಟೆ. ಆಲ್ಡಸ್‌ಗೆ ಅಚ್ಚುಮೊಳೆ ಕೊರೆದುಕೊಟ್ಟವನು ಬೊಲೋನ್ಯಾದ ಫ್ರಾಂಚೆಸ್ಕೊ ಗ್ರಿಫೊ. ಆ ಗ್ರೀಕ್ ಅಕ್ಷರಗಳು ಅಂದಿನ ವಿದ್ವಾಂಸರ ಓಡುವ ಕೈಬರಹದಂತಿವೆ. ನಮ್ಮ ಒತ್ತಕ್ಷರಗಳಂತೆ ಎರಡು ಮೂರು ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು, 'ಮತ್ತು' ಎಂಬ ಅರ್ಥದ 'ಕಾಯ್' ಪದ ಒಂದೇ ಸುರುಳಿಯಾಗಿಬಿಟ್ಟಿರುತ್ತದೆ. ಇಂದಿನ ಮುದ್ರಣದಲ್ಲಿ ಗ್ರೀಕ್ ಕಲಿತವರು ಈ ಹೆಣಿಗೆಗಳ ಪಟ್ಟಿಯೊಂದನ್ನು ಮಾಡಿಕೊಂಡು, ಡಿಜಿಟಲ್ ಪ್ರತಿಯ ಮೇಲೆ ಎರಡು ತಿಂಗಳಾದರೂ ಅಭ್ಯಾಸ ಮಾಡಿ ಬರಬೇಕು. ಇಲ್ಲವಾದರೆ ಇಲ್ಲಿನ ಬೆಲೆಬಾಳುವ ಗಂಟೆಗಳು ಅಕ್ಷರಾಭ್ಯಾಸಕ್ಕೇ ಹೋಗುತ್ತವೆ.

ಇನ್ನೊಂದು ತೊಡಕಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ನಾವೆಲ್ಲ 815ನೆಯ ಸಾಲು ಎನ್ನುತ್ತೇವೆ. 1502ರ ಪುಸ್ತಕದಲ್ಲಿ ಸಾಲುಗಳಿಗೆ ಸಂಖ್ಯೆಯಿಲ್ಲ. ಏಜಾಕ್ಸ್ ಮೊದಲ ನಾಟಕವಾದ್ದರಿಂದ ಪುಟಕ್ಕೆ ಇಷ್ಟು ಸಾಲು ಎಂದು ಗುಣಿಸಿ ಹುಡುಕಲು ಹೋದೆ. ಮೇಳದ ಹಾಡುಗಳನ್ನು ಅಂದಿನವರು ಬೇರೆ ರೀತಿಯಲ್ಲಿ ಸಾಲು ಮುರಿದು ಅಚ್ಚು ಹಾಕಿರುವುದರಿಂದ ಲೆಕ್ಕ ತಪ್ಪಿತು. ಕೊನೆಗೆ ಕೈಹಿಡಿದದ್ದು ಬಾಯಿಪಾಠ. 'ಹೊ ಮೆನ್ ಸ್ಫಗೆಯುಸ್' ಎಂದು ತುಟಿಯಲ್ಲೇ ಗುನುಗುತ್ತ ಎಲೆ ತಿರುವುತ್ತಿದ್ದಾಗ ಆ ಮೂರು ಪದಗಳು ಪುಟದಿಂದ ಎದ್ದು ಬಂದಂತಾದುವು. ನೋಡಬೇಕಾದ ಸಾಲುಗಳ ಮೊದಲ ಪದಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ.

ಗುರುತು ಅಲ್ಲಿರಲಿಲ್ಲ. ಭೂತಗನ್ನಡಿ ಕೇಳಿ ಪಡೆದು, ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿಸಿ ನೋಡಿದೆ. ಎರಡು ಸಾಲುಗಳ ನಡುವೆ ಬಿಳಿಯ ಕಾಗದ ಬಿಟ್ಟು ಬೇರೇನೂ ಇಲ್ಲ. ಒಂದೇ ಅಚ್ಚಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಇರುವ ಗುರುತು ಅಚ್ಚಿನದಾಗಿರುವ ಸಂಭವ ತೀರ ಕಡಿಮೆ. ಅದು ಆ ಪ್ರತಿಯ ಕಾಗದದ್ದೋ ಅದರ ಓದುಗನದ್ದೋ ಆಗಿರಬೇಕು. ತಿಂಗಳುಗಟ್ಟಲೆ ನನ್ನ ಅನುವಾದವನ್ನು ತಡೆದು ನಿಲ್ಲಿಸಿದ್ದ ವಿರಾಮಚಿಹ್ನೆಯನ್ನು ಅಂದು ಬೆಳಿಗ್ಗೆ ಹನ್ನೊಂದೂವರೆಗೆ ಕೈಬಿಟ್ಟೆ.

ಆಮೇಲೆ ವ್ಯಾಖ್ಯಾನವನ್ನು ಹುಡುಕಿದೆ. ಪುಟದ ಅಂಚಿನಲ್ಲಿ ಇರಲಿಲ್ಲ, ನಾಟಕದ ಕೊನೆಯಲ್ಲಿ ಇರಲಿಲ್ಲ, ಏಳನೆಯ ನಾಟಕ ಮುಗಿದ ಮೇಲೂ ಇರಲಿಲ್ಲ. ಶೀರ್ಷಿಕೆಯ ಪುಟಕ್ಕೆ ಮರಳಿ 'ವ್ಯಾಖ್ಯಾನಗಳ ಸಹಿತ' ಎಂಬ ಮಾತನ್ನು ಮತ್ತೆ ಓದಿದೆ. ಕೈಕಾಲು ತಣ್ಣಗಾದುವು. ಮೇಜಿನ ಬಳಿಯ ಸಿಬ್ಬಂದಿಯನ್ನು ಕೇಳಿದಾಗ ಅವರು ತಜ್ಞರೊಬ್ಬರನ್ನು ಕರೆದರು, ಅವರು ಬಹಳ ಮೃದುವಾಗಿ ವಿವರಿಸಿದರು. ಪುಸ್ತಕ ಅಪೂರ್ಣವಲ್ಲ. ಶೀರ್ಷಿಕೆಯಲ್ಲಿ ವ್ಯಾಖ್ಯಾನದ ಮಾತು ಅಚ್ಚಾಯಿತು, ವ್ಯಾಖ್ಯಾನ ಮಾತ್ರ ಅಚ್ಚಾಗಲಿಲ್ಲ. ಸೊಫೊಕ್ಲಿಸ್‌ನ ಪ್ರಾಚೀನ ಟಿಪ್ಪಣಿಗಳು ಮೊದಲು ಮುದ್ರಣಗೊಂಡದ್ದು ಹದಿನಾರು ವರ್ಷಗಳ ಮೇಲೆ, 1518ರಲ್ಲಿ, ರೋಮ್ ನಗರದಲ್ಲಿ. ನನ್ನ ಡಿಜಿಟಲ್ ಪ್ರತಿ ಮೊದಲಿನಿಂದಲೂ ಪೂರ್ಣವಾಗಿಯೇ ಇತ್ತು. ಈ ಸಂಗತಿ ತಿಳಿದವರ ಪುಸ್ತಕಗಳಲ್ಲೆಲ್ಲ ಇದೆ. ನಾನು ಶೀರ್ಷಿಕೆಯನ್ನು ನಂಬಿದೆನೇ ಹೊರತು ಒಂದು ವಿವರಣಾತ್ಮಕ ಗ್ರಂಥಸೂಚಿಯನ್ನು ತೆರೆದು ನೋಡಲಿಲ್ಲ. ದಯವಿಟ್ಟು ಪ್ರಯಾಣಕ್ಕೆ ಮೊದಲು ಅದನ್ನು ನೋಡಿ. ಹದಿನಾರನೆಯ ಶತಮಾನದ ಶೀರ್ಷಿಕೆ ಪುಟ ಹೇಳುವುದೂ ಒಳಗೆ ಇರುವುದೂ ಒಂದೇ ಆಗಿರಬೇಕಿಲ್ಲ.

ಆ ಮಧ್ಯಾಹ್ನ ಊಟಕ್ಕೂ ಏಳದೆ ಆಲ್ಡಸ್‌ನ ಅರ್ಪಣೆಯ ಪತ್ರವನ್ನು ಅಕ್ಷರ ಅಕ್ಷರವಾಗಿ ಓದಿದೆ. ಪುಸ್ತಕವನ್ನು ಅವನು ಅರ್ಪಿಸಿರುವುದು ಯಾನುಸ್ ಲಾಸ್ಕರಿಸ್ ಎಂಬ ಗ್ರೀಕ್ ವಿದ್ವಾಂಸನಿಗೆ. ಚಳಿ ಕೊರೆಯುತ್ತಿದ್ದ ಒಂದು ದಿನ, ತನ್ನ ಹೊಸ ವಿದ್ವತ್ಸಭೆಯ ಗೆಳೆಯರೊಂದಿಗೆ ಬೆಂಕಿಯ ಮುಂದೆ ಅರ್ಧಚಂದ್ರಾಕಾರವಾಗಿ ಕುಳಿತಿದ್ದಾಗ, ಮುಸುರುಸ್ ಎಂಬ ಇನ್ನೊಬ್ಬ ಗ್ರೀಕ್ ವಿದ್ವಾಂಸ ಕೂಡ ಅಲ್ಲಿದ್ದಾಗ, ಲಾಸ್ಕರಿಸ್‌ನ ಮಾತು ಬಂತು ಎಂದು ಬರೆಯುತ್ತಾನೆ. ನನ್ನ ಒಡೆದ ಬೆರಳುಗಳು ಆ ಸಾಲಿನ ಮೇಲಿದ್ದುವು. ಗ್ರೀಕ್ ಬಲ್ಲ ಐದಾರು ಜನ ಬೆಂಕಿ ಕಾಯಿಸಿಕೊಳ್ಳುತ್ತ, ದೂರದಲ್ಲಿರುವ ಸ್ನೇಹಿತನನ್ನು ನೆನೆಯುತ್ತ, ಯಾವ ಹಸ್ತಪ್ರತಿಯ ಪಾಠ ಸರಿ ಎಂದು ಮಾತಾಡುತ್ತ ಕುಳಿತ ಚಿತ್ರ ಕಣ್ಣಿಗೆ ಕಟ್ಟಿತು. 1518ರಲ್ಲಿ ರೋಮ್‌ನಲ್ಲಿ ವ್ಯಾಖ್ಯಾನವನ್ನು ಅಚ್ಚಿಗೆ ತಂದವನು ಯಾರು ಎಂದು ತಜ್ಞರು ಹೇಳಿದ್ದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ಈ ಪತ್ರ ಓದಿದ ಮೇಲೆ ಆ ಹೆಸರನ್ನು ಮತ್ತೆ ನೋಡಿದೆ. ಅವನು ಲಾಸ್ಕರಿಸ್‌ನೇ. ಹತ್ತನೆಯ ಲಿಯೋ ಪೋಪ್ ರೋಮ್‌ನಲ್ಲಿ ಸ್ಥಾಪಿಸಿದ ಗ್ರೀಕ್ ವಿದ್ಯಾಲಯದ ಮುದ್ರಣಾಲಯದಲ್ಲಿ, ತನಗೆ ಅರ್ಪಿತವಾದ ಪುಸ್ತಕದಲ್ಲಿ ಇಲ್ಲದೆಹೋದದ್ದನ್ನು ಅವನೇ ತುಂಬಿಕೊಟ್ಟಿದ್ದ. ಅಷ್ಟರಲ್ಲಿ ಆಲ್ಡಸ್ ಕಣ್ಮುಚ್ಚಿ ಮೂರು ವರ್ಷಗಳಾಗಿದ್ದುವು.

ಆಲ್ಡಸ್‌ನ ಪಾಠದ, ಎಂದರೆ ಅವನು ಅಚ್ಚು ಹಾಕಿದ ಮೂಲದ ರೂಪದ, ಮಹತ್ವವನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. 1553ರಲ್ಲಿ ಪ್ಯಾರಿಸ್ಸಿನ ವಿದ್ವಾಂಸ ಟುರ್ನೆಬುಸ್, ಹದಿನಾಲ್ಕನೆಯ ಶತಮಾನದ ಗ್ರೀಕ್ ವಿದ್ವಾಂಸ ಟ್ರಿಕ್ಲಿನಿಯುಸ್ ಛಂದಸ್ಸಿಗಾಗಿ ತಿದ್ದಿದ್ದ ಪಾಠವನ್ನು ಆಧರಿಸಿ ಸೊಫೊಕ್ಲಿಸ್‌ನನ್ನು ಪ್ರಕಟಿಸಿದ. ಮುಂದಿನ ಇನ್ನೂರು ಚಿಲ್ಲರೆ ವರ್ಷ ಯುರೋಪು ಅದನ್ನೇ ಓದಿತು. 1786ರಲ್ಲಿ ಬ್ರುಂಕ್ ಎಂಬ ಸಂಪಾದಕ ಬಂದು, ತಿದ್ದದ ಪಾಠ ಆಲ್ಡಸ್‌ನದೆಂದು ಮತ್ತೆ ಈ ಚಿಕ್ಕ ಪುಸ್ತಕಕ್ಕೇ ಮರಳಿದ. ಕನ್ನಡದಲ್ಲಿ ಗ್ರಂಥಸಂಪಾದನೆ ಮಾಡಿದವರಿಗೆ ಇದರ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ರೋಮ್‌ನ ಪುಸ್ತಕಕ್ಕೆ ಅಂದೇ ಬೇಡಿಕೆ ಕೊಟ್ಟೆ. ನನಗೆ ಉಳಿದದ್ದು ಎರಡು ದಿನ, ಅದರಲ್ಲಿ ಒಂದು ಕಾಯುವುದರಲ್ಲೇ ಹೋಯಿತು. ಹ್ಯಾರೋದ ಮನೆಯಲ್ಲಿ ಕಿಟಕಿಯ ಹೊರಗಿನ ಮಳೆ ನೋಡುತ್ತ, ಇಷ್ಟು ಹಣ ಸುರಿದು ಬಂದು ಅರ್ಧ ಕೆಲಸ ಮಾಡಿ ಹೋಗುವಂತಾಯಿತೇ ಎಂದು ಕುದಿಯುತ್ತಿದ್ದೆ. ತಂಗಿಯ ಮಗಳು ಬಿಸಿ ಸಾರು ತಂದು ಪಕ್ಕದಲ್ಲಿಟ್ಟು, 'ನಾಳೆ ಬಾಗಿಲು ತೆಗೆಯುವ ಹೊತ್ತಿಗೆ ನಾನೇ ಬಿಟ್ಟು ಬರುತ್ತೇನೆ, ಈಗ ಮಲಗು ದೊಡ್ಡಮ್ಮ' ಎಂದಳು.

ಕೊನೆಯ ದಿನ 1518ರ ಪುಸ್ತಕ ಎರಡೂವರೆ ಗಂಟೆ ನನ್ನ ಮುಂದಿತ್ತು. 815ನೆಯ ಸಾಲಿಗೆ ಸೇರಿದ ಟಿಪ್ಪಣಿಯನ್ನು ಹುಡುಕಿ, ಪೆನ್ಸಿಲಿನಲ್ಲಿ ನಕಲು ಮಾಡಿ, ಅನುಮತಿ ಕೇಳಿ ಫೋನಿನಲ್ಲಿ ಚಿತ್ರವನ್ನೂ ತೆಗೆದುಕೊಂಡೆ. ದೃಶ್ಯ ಈಗ ನಿರ್ಜನವಾದ ಜಾಗಕ್ಕೆ ಬದಲಾಗುತ್ತದೆ, ಅಲ್ಲಿ ಏಜಾಕ್ಸ್ ಕತ್ತಿಯನ್ನು ಅಣಿಗೊಳಿಸಿ ಸಾಯುವ ಮುನ್ನ ಮಾತಾಡುತ್ತಾನೆ, ಮೂಕನಾಗಿ ಬಂದು ಕತ್ತಿಯ ಮೇಲೆ ಬಿದ್ದರೆ ಅದು ನಗೆಪಾಟಲಾಗುತ್ತಿತ್ತು ಎನ್ನುತ್ತಾನೆ ಹೆಸರಿಲ್ಲದ ಆ ವ್ಯಾಖ್ಯಾನಕಾರ. ಇಂಥ ದೃಶ್ಯಗಳು ಪ್ರಾಚೀನರಲ್ಲಿ ಅಪರೂಪ, ನಡೆದುಹೋದದ್ದನ್ನು ದೂತರ ಬಾಯಿಂದ ಹೇಳಿಸುವುದೇ ಅವರ ರೂಢಿ ಎಂದೂ ಸೇರಿಸುತ್ತಾನೆ. ಇದೇ ಪ್ರಾಚೀನ ಟಿಪ್ಪಣಿಗಳಲ್ಲಿ ಜಕಿಂಥೋಸ್ ದ್ವೀಪದ ತಿಮೊಥೆಯುಸ್ ಎಂಬ ನಟನ ಮಾತೂ ಇದೆ: ಏಜಾಕ್ಸ್‌ನ ಪಾತ್ರದಿಂದ ಅವನು ನೋಡುವವರ ಮನಸ್ಸನ್ನು ಎಷ್ಟು ಸೆಳೆದನೆಂದರೆ ಜನ ಅವನನ್ನು 'ಸ್ಫಗೆಯುಸ್' ಎಂದೇ ಕರೆದರಂತೆ. ಭಾಷಣದ ಮೊದಲ ಸಾಲಿನ ಪದವೇ ಆ ನಟನ ಹೆಸರಾಯಿತು. ನಮ್ಮ ವೃತ್ತಿರಂಗಭೂಮಿಯಲ್ಲಿಯೂ ಯಕ್ಷಗಾನದಲ್ಲಿಯೂ ಪಾತ್ರದ ಹೆಸರೇ ನಟನಿಗೆ ಅಂಟಿಕೊಂಡದ್ದನ್ನು ಕಂಡವಳು ನಾನು. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನನ್ನ ವಿದ್ಯಾರ್ಥಿಗಳು ಇಪ್ಪತ್ತೆಂಟು ವರ್ಷ ಕೇಳಿದ ಪ್ರಶ್ನೆಯನ್ನು ಬಹಳ ಹಿಂದೆ ಯಾರೋ ಕೇಳಿಕೊಂಡು, ತನಗೆ ತಿಳಿದಷ್ಟನ್ನು ಬರೆದಿಟ್ಟಿದ್ದರು.

ಒಟ್ಟು ಖರ್ಚು ಒಂದು ಲಕ್ಷ ಆರು ಸಾವಿರ ರೂಪಾಯಿ ಆಯಿತು: ವಿಮಾನ, ವೀಸಾ, ಬೆಂಗಳೂರಿನ ಓಡಾಟ, ಪ್ರಯಾಣದ ವಿಮೆ, ಲಂಡನ್ನಿನ ರೈಲು, ಬೆಚ್ಚನೆಯ ಉಡುಪು ಎಲ್ಲ ಸೇರಿ. ಅದರಲ್ಲಿ ಗ್ರಂಥಾಲಯಕ್ಕೆ ಕೊಟ್ಟದ್ದು ಒಂದು ಪೈಸೆಯೂ ಇಲ್ಲ. ಮತ್ತೆ ಹೋಗುವುದಾದರೆ ಕನಿಷ್ಠ ಏಳು ಕೆಲಸದ ದಿನ ಇಟ್ಟುಕೊಂಡು ಹೋಗುತ್ತೇನೆ, ಸಂಬಂಧಪಟ್ಟ ಪುಸ್ತಕಗಳಿಗೆಲ್ಲ ಮುಂಚಿತವಾಗಿಯೇ ಬೇಡಿಕೆ ಕೊಟ್ಟಿರುತ್ತೇನೆ. ಪರಿಚಯ ಪತ್ರ ಕೇಳುವಾಗ ಪಾಸ್‌ಪೋರ್ಟಿನ ಮೊದಲ ಪುಟದ ಜೆರಾಕ್ಸ್ ಲಗತ್ತಿಸಿ, ಹೆಸರು ಹೀಗೆಯೇ ಇರಲಿ ಎಂದು ಬರೆದು ಕೊಡುತ್ತೇನೆ.

ಮನೆಗೆ ಬಂದ ಮೂರನೆಯ ದಿನ ಅನುವಾದದ ಕಡತವನ್ನು ತೆರೆದೆ. ಕೊನೆಯ ಭಾಷಣದ ಮೊದಲು, ಇಂಗ್ಲಿಷ್ ಅನುವಾದವನ್ನು ಅನುಸರಿಸಿ ನಾನು 'ಏಜಾಕ್ಸ್ ಮರದ ಮರೆಗೆ ಹೋಗುತ್ತಾನೆ' ಎಂದು ಕಂಸದಲ್ಲಿ ಬರೆದಿದ್ದೆ. ಅದನ್ನು ಹೊಡೆದುಹಾಕಿದ್ದೇನೆ. ಆ ಜಾಗದಲ್ಲಿ ಈಗ ಏನೂ ಇಲ್ಲ, 1502ರ ಪುಟದಲ್ಲಿ ಇದ್ದಂತೆ.